ಮೈಲಿಗೆ ಎಂಟಂಗುಲ

ಅವರು ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ತಿಳಿಯಿತು. ಲಿಂಗಸುಗೂರಿನಿಂದ ಅವರ ಮಗಳು ಬರೆದ ಇನ್‌ಲ್ಯಾಂಡ್ ಪತ್ರ ನನ್ನ ಹಳೆಯ ಆಫೀಸಿಗೆ ಹೋಗಿ, ಅಲ್ಲಿಂದ ಇನ್ನೊಂದು ಆಫೀಸಿಗೆ ಹೋಗಿ, ನನ್ನ ಮೇಜಿಗೆ ಬರುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು. ‘ಅಪ್ಪಾಜಿ ನಿಮ್ಮನ್ನು ಬಹಳ ನೆನೆಸುತ್ತಿದ್ದರು’ ಎಂದು ಬರೆದಿದ್ದಳು. ಅದು ಎಲ್ಲರೂ ಬರೆಯುವ ಮಾತು. ಆದರೆ ಕೆಳಗೆ ಇನ್ನೊಂದು ಸಾಲಿತ್ತು: ‘ಕೊನೆಯ ವಾರ ಮಂಚವನ್ನು ಕಿಟಕಿಯ ಕಡೆ ಹಾಕಿಸಿಕೊಂಡು, ಭೂಮಿ ತಿರುಗುವುದನ್ನು ನೋಡುತ್ತ ಮಲಗುತ್ತೇನೆ ಅಂದರು.’ ಇದನ್ನು ಓದಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಇಂಥ ಮಾತನ್ನು ಅವರಲ್ಲದೆ ಇನ್ನಾರೂ ಆಡಲಾರರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಡತದಲ್ಲಿ ತಮ್ಮ ಹೆಸರು ಎರಡು ಕಡೆ ಬಂದರೆ ಒಂದನ್ನು ಹೊಡೆದುಹಾಕುತ್ತಿದ್ದ ಮನುಷ್ಯ ಅವರು. ಕಾಲುವೆಯ ಆ ವರ್ಷಗಳಲ್ಲಿ ಸಿಂಧನೂರಿನಿಂದ ಮಸ್ಕಿಯವರೆಗಿನ ಹಳ್ಳಿಗಳಲ್ಲಿ ಅವರು ಬರೀ ‘ದುರ್ಬೀನ್ ಸಾಹೇಬ್ರು’. ಎಡದಂಡೆ ಕಾಲುವೆಯ ಸರ್ವೆಯಲ್ಲಿ ಅವರು ಹಿರಿಯ ಸರ್ವೇಯರ್, ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದವನು. ಮೂರು ಕಾಲಿನ ಮೇಲೆ ನಿಲ್ಲುವ ಲೆವೆಲ್ ಯಂತ್ರಕ್ಕೆ ನಮ್ಮ ಜನ ಇಟ್ಟ ಹೆಸರು ದುರ್ಬೀನು. ದೂರದಲ್ಲಿ ಖಲಾಸಿ ಹಿಡಿದು ನಿಂತ ಅಳತೆಪಟ್ಟಿಯ ಅಂಕಿಯನ್ನು ಅದರೊಳಗಿಂದ ಓದಿ, ಯಾವ ನೆಲ ಎಷ್ಟು ಎತ್ತರದಲ್ಲಿದೆ, ಕಾಲುವೆಯ ನೀರು ಎಲ್ಲಿಯವರೆಗೆ ತಾನಾಗಿ ಹರಿದೀತು ಎಂದು ಹೇಳುವುದು ನಮ್ಮ ಕೆಲಸ. ಸಾಹೇಬರು ಅದನ್ನು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತವರು. ಪಟ್ಟಿ ನೆಟ್ಟಗಿದ್ದರೆ ‘ಸೀದಾ’, ಅಂಕಿ ತಪ್ಪಿದರೆ ‘ಗಲತ್’. ಈ ಎರಡು ಮಾತಿನಲ್ಲೇ ಅವರ ಅರ್ಧ ದಿನ ಕಳೆಯುತ್ತಿತ್ತು. ಬಲ ಮೊಣಕಾಲು ಪೂರ್ತಿ ಬಗ್ಗುತ್ತಿರಲಿಲ್ಲ. ಕೂರುವಾಗ ಆ ಕಾಲನ್ನು ಮುಂದಕ್ಕೆ ಚಾಚಿ, ಬಾಗಿಲಿಗೆ ಅಗಳಿ ಹಾಕಿದ ಹಾಗೆ ದಾರಿಗೆ ಅಡ್ಡ ಇಟ್ಟು ಕೂರುತ್ತಿದ್ದರು.

ಅವರಿಗೊಂದು ವಿಚಿತ್ರ ಅಭ್ಯಾಸ. ಸಿಟ್ಟು ಬಂದರೆ ಬಾಯಿ ಬಿಡುತ್ತಿರಲಿಲ್ಲ. ಜೇಬಿನಿಂದ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡು ಎಂಟು ನಿಮಿಷ ಸುಮ್ಮನೆ ಕೂರುವರು. ಒಮ್ಮೆ ಒಬ್ಬ ಗುತ್ತಿಗೆದಾರ ಇವರೆದುರು ನಿಂತು ಕೂಗಾಡಿ, ಉತ್ತರವಿಲ್ಲದೆ ಕಂಗಾಲಾಗಿ, ‘ಏನಾರ ಅನ್ರೀ ಸಾಹೇಬ್ರ’ ಎಂದು ಕೈಮುಗಿದಿದ್ದ. ಇವರು ಬೆರಳಿನಿಂದ ಮೇಲೆ ತೋರಿಸಿದರು.

“ಅಲ್ಲಿ ಕಾಣಾಕತ್ತಾನಲ್ಲ ಸೂರ್ಯ, ಅವ ಎಂಟು ನಿಮಿಷದ ಹಿಂದಿನಾಂವ. ಬೆಳಕು ಅಲ್ಲಿಂದ ಹೊಂಟು ಇಲ್ಲಿಗೆ ಮುಟ್ಟಾಕ ಅಷ್ಟು ಹೊತ್ತು ಹಿಡಿತದ. ಅಷ್ಟು ದೊಡ್ಡ ಬೆಳಕಿಗೇ ಎಂಟು ನಿಮಿಷ ಬೇಕು, ನನ್ನ ಸಿಟ್ಟಿಗೇನು ಅವಸರ? ಕೂಡ್ರು, ಇನ್ನ ಮೂರು ನಿಮಿಷ ಅದ.”

ಮನೆಯಲ್ಲಿ ಇದು ಅವರಿಗೇ ತಿರುಗಿಬಿದ್ದಿತ್ತು. ರೊಟ್ಟಿಗೆ ಅವಸರ ಮಾಡಿದರೆ ಅವರ ಹೆಂಡತಿ ಒಲೆಯ ಮುಂದಿನಿಂದಲೇ, “ಸೂರ್ಯನ ಬೆಳಕಿಗೇ ಎಂಟು ನಿಮಿಷ ಬೇಕಂತ್ರಿ, ನಮ್ಮ ಹಂಚಿಗೆ ಹತ್ತು ಕೊಡ್ರಿ” ಅನ್ನುವರು. ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಸಾಹೇಬರೇ.

ನಾನು ಆಗ ಇಪ್ಪತ್ತಾರರವನು, ಎರಡು ಮಕ್ಕಳ ತಂದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಂಥ ಮಾತು ಕೇಳಿದರೆ ಒಳಗೊಳಗೇ ನಗುತ್ತಿದ್ದೆ. ಸೂರ್ಯ ಎಷ್ಟು ಹಳೆಯದಾದರೆ ನನಗೇನು, ಬಿಸಿಲು ಮಾತ್ರ ಹೊಸದಾಗಿಯೇ ಸುಡುತ್ತದಲ್ಲ ಎಂಬುದು ನನ್ನ ವಾದ. ಒಂದು ಸಂಜೆ ಮಸ್ಕಿಯ ಗುಡ್ಡದಲ್ಲಿ ಆ ನಗು ನಿಂತಿತು.

ಕೆಲಸ ಬೇಗ ಮುಗಿದಿತ್ತು. ಸಾಹೇಬರು ಕಾಲೆಳೆಯುತ್ತ ಗುಡ್ಡ ಹತ್ತಿ, ಪಡುವಣಕ್ಕೆ ಮುಖಮಾಡಿದ ಒಂದು ದೊಡ್ಡ ಬಂಡೆಯ ಮೇಲೆ ನನ್ನನ್ನೂ ಕೂರಿಸಿದರು. ಕೆಳಗೆ ಎರೆನೆಲ ಕಣ್ಣಿಗೆ ಕಾಣುವಷ್ಟು ದೂರ ಚಪ್ಪಟೆಯಾಗಿ ಹಾಸಿತ್ತು. ಸೂರ್ಯ ಇಳಿಯುತ್ತಿದ್ದ.

“ಏನ್ ಆಗಾಕತ್ತೇದ ತಮ್ಮಾ?” ಅಂದರು.

“ಹೊತ್ತು ಮುಳಗಾಕತ್ತೇತ್ರಿ.”

“ಗಲತ್. ಅವ ಎಲ್ಲೂ ಹೋಗೂದಿಲ್ಲ, ಇದ್ದಲ್ಲೇ ಇದ್ದಾನ. ನಾವು ಹಿಂದಕ್ಕ ವಾಲಾಕತ್ತೀವಿ. ಸೂರ್ಯನ್ನ ಒಂದು ಗೂಟ ಅಂತ ತಿಳಕೋ. ಈಗ ನೋಡು, ಮುಂದಿನ ನೆಲ ಹೆಂಗ ಮ್ಯಾಲ ಏಳತದ.”

ಅವರು ಹೇಳಿದಂತೆ ನೋಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಗಳಿಗೆಯಲ್ಲಿ ಸೂರ್ಯ ನಿಂತುಬಿಟ್ಟ. ದೂರದ ದಿಗಂತ ನಿಧಾನವಾಗಿ ಮೇಲೆದ್ದು ಅವನನ್ನು ಮುಚ್ಚತೊಡಗಿತು. ನಾನು, ಬಂಡೆ, ಗುಡ್ಡ, ಕೆಳಗಿನ ಊರು, ಎಲ್ಲ ಒಟ್ಟಾಗಿ ಹಿಂದಕ್ಕೆ ಹೊರಳುತ್ತಿದ್ದೆವು. ಎರಡೂ ಕೈಯಿಂದ ಬಂಡೆ ಹಿಡಿದುಕೊಂಡೆ.

ಸಾಹೇಬರು ಪಕಪಕ ನಕ್ಕರು. “ಹಿಡಕೋ, ಹಿಡಕೋ. ಮಸ್ಕಿಯಾಗ ಕುಂತಾಂವ ತಾಸಿಗೆ ಸಾವಿರ ಮೈಲಿ ಓಡತಾನ, ನಾ ಲೆಕ್ಕ ಹಾಕೀನಿ. ಮದರಾಸಿನವರು ಭೂಮಿ ನಡುವಿಗೆ ಹತ್ತಿರ, ನಮಗಿಂತ ಒಂಚೂರು ಜೋರು. ಇರಲಿ ಬಿಡು, ದೊಡ್ಡ ಊರು.”

ಗುಡ್ಡ ಇಳಿದೆವು. ಹುಟ್ಟಿದಾಗಿನಿಂದ ನಡೆದಾಡಿದ ನೆಲದ ಮೇಲೆ ಅಂದು ಹೆಜ್ಜೆಯನ್ನು ನೋಡಿ ನೋಡಿ ಇಟ್ಟೆ. ಇಷ್ಟು ದೊಡ್ಡದರ ಮೇಲೆ ಇಷ್ಟು ಸಣ್ಣವನಾಗಿ ಕೂತು, ಕೆಲಸ ಕಾಯಂ ಆಗಲಿಲ್ಲವೆಂದು ಕೊರಗುವವನು ನಾನು ಅನ್ನಿಸಿ ಮನಸ್ಸು ಹಗುರಾಯಿತು. ಆ ಹಗುರವನ್ನು ನಾನು ತಪ್ಪಾಗಿ ಬಳಸಿಕೊಂಡೆ ಎನ್ನುವುದು ಮುಂದಿನ ಮಾತು.

ಆ ಬೇಸಿಗೆಯಲ್ಲಿ ಒಂದು ಉಪಕಾಲುವೆಯ ಲೆವೆಲ್ ತೆಗೆಯುವ ಕೆಲಸವನ್ನು ಸಾಹೇಬರು ನನಗೊಬ್ಬನಿಗೇ ಒಪ್ಪಿಸಿದರು. ಕಾಲುವೆಯ ದಂಡೆಯಲ್ಲಿ ಹುಗಿದ, ಎತ್ತರ ಮೊದಲೇ ಗೊತ್ತಿರುವ ಬೆಂಚ್ ಮಾರ್ಕ್ ಕಲ್ಲಿನಿಂದ ಐದು ಮೈಲಿ ದೂರದ ಒಂದು ಸಣ್ಣ ಊರಿನವರೆಗೆ ಹೋಗಿ, ಮತ್ತೆ ಅದೇ ಕಲ್ಲಿಗೆ ಮರಳಿ ಬಂದು ಲೆಕ್ಕ ಕೂಡಿಸಬೇಕು. ಹೋದ ಲೆಕ್ಕಕ್ಕೂ ಬಂದ ಲೆಕ್ಕಕ್ಕೂ ತಾಳೆಯಾದರೆ ಕೆಲಸ ಸರಿ ಎಂದರ್ಥ.

ನನಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾಯಿತು. ಖಲಾಸಿಗಳಿಗೆ ಚಹಾ ಕುಡಿಸಿದೆ. ನಕಾಶೆಯಲ್ಲಿ ನೀರು ಹತ್ತುವ ನೆಲವನ್ನು ನೀಲಿ ಪೆನ್ಸಿಲಿನಲ್ಲಿ, ಹತ್ತದ ನೆಲವನ್ನು ಕೆಂಪಿನಲ್ಲಿ ತೀಡಿದೆ. ಆ ಊರಿನ ಹೊರಗೆ, ತುಸು ದಿಬ್ಬದಂಥ ಜಾಗದಲ್ಲಿ, ಕೇರಿಯ ಎಂಟ್ಹತ್ತು ಮನೆಯವರ ಹೊಲಗಳಿದ್ದವು. ತೂಬಿನ ನೀರಿಗಿಂತ ಅವು ಆರಂಗುಲ ಎತ್ತರ ಎಂದು ನನ್ನ ಲೆಕ್ಕ ಹೇಳಿತು. ಅವು ಕೆಂಪಿನೊಳಗೆ ಹೋದವು.

ಮೂರನೆಯ ದಿನ ಹನುಮವ್ವ ನಮ್ಮ ಡೇರೆಗೆ ಬಂದಳು. ಐವತ್ತರ ಹೆಂಗಸು, ಆ ಹೊಲಗಳಲ್ಲಿ ಮೂರು ಎಕರೆ ಅವಳದು. ದೊಡ್ಡ ಕಾಲುವೆ ತೋಡುವಾಗ ಮೂರು ವರ್ಷ ಮಣ್ಣು ಹೊತ್ತಿದ್ದಳು. ಅಂಗಳದಲ್ಲೇ ನಿಂತು ಕೇಳಿದಳು:

“ಯಪ್ಪಾ ಸಾಹೇಬ್ರ, ಕಾಲುವಿ ಮಣ್ಣು ಹೊರಾಕ ನಾವು ಬೇಕಾಗಿತ್ತು. ಈಗ ನೀರು ನಮ್ಮ ಬದುವಿನ ತನಕ ಬಂದು ಹೊಳ್ಳಿ ಹೊಕ್ಕೇತಂತ. ಆಚಿ ಹೊಲದಾಗ ನೆಲ್ಲು ಬೆಳೀತಾರ, ಈಚಿ ಹೊಲದಾಗ ನಾವು ಕುಂತು ನೋಡಬೇಕೇನ್ರಿ?”

“ನೆಲ ಎತ್ತರ ಐತಿ, ನಾವೇನು ಮಾಡೂಣು ಹನುಮವ್ವ” ಎಂದೆ ನಾನು.

“ಎದರಕಿಂತ ಎತ್ತರ?”

“ಎಲ್ಲಾ ಎತ್ತರಾನೂ ಸಮುದ್ರದಿಂದ ಅಳೀತಾರವ್ವಾ” ಎಂದರು ಸಾಹೇಬರು.

ಅವಳು ಬೆರಗಾಗಿ ಅವರ ಮುಖ ನೋಡಿದಳು. “ನನ್ನ ಮೂರು ಎಕರೆ ಹೊಲಕ್ಕ ಸಮುದ್ರದಿಂದ ಅಳತಿ ಬಂದೈತ್ರಿ? ಹಂಗಾರ ಸರಿಯಾಗಿ ಅಳೀರಿ ಯಪ್ಪಾ. ಅಷ್ಟು ದೂರದಿಂದ ಬರೂದು, ನಡುವ ಎಲ್ಲ್ಯಾರ ತಪ್ಪಿರಬೇಕು.”

ನಾನು ನಕ್ಕುಬಿಟ್ಟೆ. ಸಾಹೇಬರು ನಗಲಿಲ್ಲ. ನನ್ನ ಲೆವೆಲ್ ಬುಕ್ಕು ತರಿಸಿ, ಕಾಲು ಚಾಚಿ ಕೂತು, ಪುಟ ಪುಟವಾಗಿ ನೋಡಿದರು.

“ಇಷ್ಟು ಚೊಕ್ಕ ತಾಳೆ ಆದ ಲೆಕ್ಕ ನಾ ನೋಡಿಲ್ಲ” ಎಂದರು. ನಾನು ಹಿಗ್ಗಿದೆ. ಆದರೆ ಅದು ಹೊಗಳಿಕೆಯಾಗಿರಲಿಲ್ಲ. “ಹೋಗತ ಎಲ್ಲಾ ಕಡೆ ಹಿಂದಿನ ಪಟ್ಟಿ ಎರಡು ಫರ್ಲಾಂಗ್ ದೂರ, ಮುಂದಿನ ಪಟ್ಟಿ ಹತ್ತು ಹೆಜ್ಜಿ. ಹಿಂಗ ಯಾಕ?”

ಹೇಳದೆ ಗತಿಯಿರಲಿಲ್ಲ. ಬಿಸಿಲು. ಆ ಎರೆಹೊಲಗಳಲ್ಲಿ ಎರಡು ಫರ್ಲಾಂಗಿಗೊಂದು ಬೇವಿನ ಮರವೋ ಜಾಲಿಯ ಮರವೋ ಸಿಗುತ್ತಿತ್ತು. ಯಂತ್ರವನ್ನು ಎರಡು ಪಟ್ಟಿಗಳ ನಟ್ಟನಡುವೆ ನಿಲ್ಲಿಸಬೇಕು ಎನ್ನುವುದು ಕೆಲಸದ ಮೊದಲ ಪಾಠ. ನಾನು ಅದನ್ನು ನೆರಳು ಸಿಕ್ಕಲ್ಲಿ ನಿಲ್ಲಿಸಿದ್ದೆ. ಹಿಂದಿನ ಪಟ್ಟಿ ಬಿಸಿಲಲ್ಲಿ, ಮುಂದಿನ ಪಟ್ಟಿ ನನ್ನ ಜೊತೆ ನೆರಳಲ್ಲಿ. ಬರುವಾಗಲೂ ಅದೇ ಮರಗಳು.

ಸಾಹೇಬರು ಎದ್ದು ಹೋಗಿ ನೀರಿನ ಕೊಡವನ್ನು ಬೋರಲು ಹಾಕಿದರು. ಅದರ ಮೇಲೆ ಒಂದು ಜೋಳದ ದಂಟು ಅಡ್ಡ ಇಟ್ಟರು. “ದಂಟು ನಿನ್ನ ನೋಟ. ಅದು ಸೀದಾ ಹೋಗತದ. ಕೊಡ ಭೂಮಿ. ಭೂಮಿ ಬಾಗೇದ ತಮ್ಮಾ. ಮೈಲಿಗೆ ಎಂಟಂಗುಲ. ದೂರದ ಪಟ್ಟಿ ಆ ಬಾಗಿನಷ್ಟು ಕೆಳಗ ನಿಂತಿರತದ, ನೀ ಓದೂ ಅಂಕಿ ಅಷ್ಟು ಹೆಚ್ಚಿಗಿ. ನಡುವ ನಿಂತರ ಎರಡೂ ಕಡೆ ಸಮ, ಹೊಡದು ಹೋಗತದ. ನೀ ಒಂದ ಕಡೆ ನಿಂತೀ. ದೂರ ಅರ್ಧಾದ್ರ ಬಾಗು ಕಾಲು ಪಾಲಾಗತದ, ಹಂಗಾಗಿ ಎರಡು ಫರ್ಲಾಂಗಿಗೆ, ಅಂದ್ರ ಕಾಲು ಮೈಲಿಗೆ, ಅರ್ಧ ಅಂಗುಲ. ಇಂಥವು ಇಪ್ಪತ್ತು, ಹತ್ತಂಗುಲದ ಸುಮಾರು. ಹೋಗತ ಏರಿಸಿದ್ದನ್ನ ಬರತ ಅದ ಮರದ ಕೆಳಗ ನಿಂತು ಅಷ್ಟ ಇಳಿಸೀ. ಅದಕ್ಕ ಕಡಿಕಿಗೆ ಏನೂ ಕಾಣಲಿಲ್ಲ.”

ತಪ್ಪು ಮಾಡಿದ ಭಯ ಒಂದು ಕಡೆ, ಹೇಳಿಕೊಳ್ಳಲಾಗದ ಬೆರಗು ಇನ್ನೊಂದು ಕಡೆ. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದೆ. ಅದೇ ಭೂಮಿ ನನ್ನ ಎಣ್ಣೆಜಿಡ್ಡಿನ ಲೆವೆಲ್ ಬುಕ್ಕಿನೊಳಗೆ, ನನ್ನದೇ ಅಕ್ಷರದಲ್ಲಿ, ನನಗೆ ಗೊತ್ತಿಲ್ಲದೆ ಬಂದು ಕೂತಿತ್ತು.

ಆದರೆ ನಕಾಶೆ ಸಿಂಧನೂರಿನ ಆಫೀಸಿಗೆ ಹೋಗಿಯಾಗಿತ್ತು. ವಾರದೊಳಗೆ ಮೇಲಿನ ಆಫೀಸಿಗೆ ಹೋಗುವುದಿತ್ತು. ಮರುದಿನ ಅಲ್ಲಿನ ಅಧಿಕಾರಿಯ ಮುಂದೆ ನಾವಿಬ್ಬರೂ ನಿಂತಾಗ ಅವರು ಕೈ ಝಾಡಿಸಿದರು. “ಇಷ್ಟು ದೊಡ್ಡ ಕಾಲುವೆ, ಸಾವಿರಾರು ಎಕರೆ. ಹತ್ತಂಗುಲಕ್ಕೆ ಎಲ್ಲ ತಡೆಹಿಡಿಯಬೇಕೇ? ಬೇಕಾದರೆ ಶುಕ್ರವಾರದವರೆಗೆ ಹೊಸ ಲೆಕ್ಕ ತನ್ನಿ. ಇಲ್ಲದಿದ್ದರೆ ಇದೇ ಹೋಗುತ್ತದೆ.” ಅಂದು ಸೋಮವಾರ.

ಹೊರಗೆ ಬಂದ ಮೇಲೆ ನಾನು ಸಣ್ಣವನಾದೆ. ನನ್ನ ಕೆಲಸ ಹೋದೀತೆಂಬ ಹೆದರಿಕೆ. ಅದನ್ನು ಹೇಳಲಾರದೆ, ಅವರ ಮಾತನ್ನೇ ಅವರಿಗೆ ತಿರುಗಿಸಿದೆ. “ಅಲ್ರೀ ಸಾಹೇಬ್ರ, ನೀವ ಅಂತೀರಿ, ಈ ಚುಕ್ಕಿ ಸೂರ್ಯರ ಮುಂದ ನಾವು ಧೂಳಿನ ಕಣಾನೂ ಅಲ್ಲ ಅಂತ. ಅದರಾಗ ಒಂದು ಕೇರಿ, ಅದರಾಗ ಹತ್ತಂಗುಲ. ಯಾವ ಲೆಕ್ಕಕ್ಕ ಬರತೈತ್ರಿ?”

ಗಡಿಯಾರ ಹೊರಗೆ ಬಂತು. ಆಫೀಸಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ನನ್ನ ಜೀವನದಲ್ಲಿ ಅಷ್ಟು ಉದ್ದದ ಎಂಟು ನಿಮಿಷಗಳನ್ನು ನಾನು ಕಂಡಿಲ್ಲ. ಮುಗಿದ ಮೇಲೆ ಮೆಲ್ಲಗೆ ಹೇಳಿದರು:

“ಭೂಮಿ ಎಂಟು ಸಾವಿರ ಮೈಲಿ ದಪ್ಪ ಅದ. ಅಷ್ಟು ದೊಡ್ಡದು ಒಂದೊಂದು ಮೈಲಿಗೂ ಎಂಟಂಗುಲ ಬಾಗತದ. ಎಲ್ಲೂ ಒಂದು ಮೈಲಿ ಬಿಟ್ಟಿಲ್ಲ. ಯಾರದೋ ಕೇರಿ ಅಂತ ಅಲ್ಲಿ ಸಡ್ಲ ಬಿಟ್ಟಿಲ್ಲ. ಅಷ್ಟು ದೊಡ್ಡದು ಸಣ್ಣ ಲೆಕ್ಕ ಬಿಡದಿದ್ದಾಗ, ಧೂಳಿನ ಕಣ ನೀ, ನೀ ಯಾಕ ಬಿಡತೀ? ನಾಳಿ ನಸಿಕಿನ್ಯಾಗ ಹೊಂಡೂಣು. ನೆರಳು ಬ್ಯಾಡ, ನಡುವು ಬೇಕು.”

ಮಂಗಳವಾರದಿಂದ ಮೂರು ದಿನ ನಡೆದೆವು. ಈ ಸಲ ಪ್ರತಿ ಐವತ್ತು ಹೆಜ್ಜೆಗೊಮ್ಮೆ ಯಂತ್ರ ನಿಲ್ಲಿಸಬೇಕು, ಹಿಂದೆ ಮುಂದೆ ಹೆಜ್ಜೆ ಎಣಿಸಿ ನಡುವೆ. ಮರಗಳೆಲ್ಲ ಪಕ್ಕದಲ್ಲೇ ನಿಂತು ಕರೆಯುತ್ತಿದ್ದವು. ಸಾಹೇಬರು ಅವುಗಳತ್ತ ತಿರುಗಿಯೂ ನೋಡಲಿಲ್ಲ. ಒಂದು ಛತ್ರಿಯಿತ್ತು, ಅದು ದುರ್ಬೀನಿಗೆ. ಬಿಸಿಲು ಬಿದ್ದರೆ ಯಂತ್ರ ಲೆಕ್ಕ ತಪ್ಪುತ್ತದೆ. ಎರಡನೆಯ ದಿನ ಹನುಮವ್ವ ತಾನಾಗಿ ಬಂದು ಆ ಛತ್ರಿ ಹಿಡಿದಳು. ತನಗೆ ಒಂದು ಎಳೆ ನೆರಳೂ ಬೀಳದಂತೆ ಅದನ್ನು ಯಂತ್ರದ ಮೇಲೆ ಹಿಡಿದು ನಿಂತ ಅವಳನ್ನು ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಒಮ್ಮೆ ಸಾಹೇಬರು ಅವಳಿಗೂ ದುರ್ಬೀನಿನಲ್ಲಿ ನೋಡಲು ಹೇಳಿದರು. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಅವಳು ನೋಡಿ ಹೌಹಾರಿದಳು.

“ಯವ್ವಾ! ಖಲಾಸಿ ತೆಲಿ ಕೆಳಗ ಮಾಡಿ ನಿಂತಾನ್ರಿ! ಬೀಳೂದಿಲ್ಲೇನ್ರಿ ಅಂವ?”

“ಈ ಗುಂಡಿನ ಆಚಿ ಕಡೆ ಮಂದಿ ಅದಾರವ್ವಾ. ಅವರು ಹಿಂಗ ನೋಡಿದ್ರ ನಾವ ತೆಲಿ ಕೆಳಗ ಮಾಡಿ ನಿಂತೀವಿ. ಯಾರೂ ಬಿದ್ದಿಲ್ಲ. ಭೂಮಿ ಎಲ್ಲಾರನ್ನೂ ಹಿಡಕೊಂಡದ.”

“ಎಲ್ಲಾರನ್ನೂ?” ಎಂದಳು ಅವಳು. ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು.

ಅದೇ ದಿನ ಇಳಿಹೊತ್ತಿನಲ್ಲಿ ಸಾಹೇಬರ ಮೊಣಕಾಲು ಬಾತು ಕುಂಬಳಕಾಯಿಯಂತಾಯಿತು. ನಾನು ಮುಂದುವರಿಸುತ್ತೇನೆ, ನೀವು ಕೂತಿರಿ ಎಂದೆ. “ನಿನ್ನ ಮ್ಯಾಲ ನಂಬಿಗಿ ಇಲ್ಲಂತಲ್ಲ” ಎಂದು ಟವೆಲ್ಲನ್ನು ಒದ್ದೆ ಮಾಡಿ ಕಾಲಿಗೆ ಬಿಗಿದು ಕಟ್ಟಿಕೊಂಡರು. “ನಾ ಕುಂತರ ನಿನಗ ಕುಂದ್ರಬೇಕು ಅನಸತದ.” ನಿಜ. ನನಗೆ ಆಗಲೇ ಅನ್ನಿಸಿತ್ತು.

ಗುರುವಾರ ಸಂಜೆ ಬೆಂಚ್ ಮಾರ್ಕ್ ಕಲ್ಲಿಗೆ ಮರಳಿ ಬಂದೆವು. ಈ ಸಲದ ತಾಳೆ ಚೊಕ್ಕ ಇರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಸಾಹೇಬರಿಗೆ ಅದೇ ಸಮಾಧಾನ. “ಇದು ಮನುಷ್ಯರು ಮಾಡಿದ ಲೆಕ್ಕ” ಎಂದರು. ಕೇರಿಯ ಹೊಲಗಳು ನಾನು ಹೇಳಿದ್ದಕ್ಕಿಂತ ಒಂಬತ್ತಂಗುಲ ತಗ್ಗಿನಲ್ಲಿದ್ದವು. ಎಂದರೆ ನೀರಿಗಿಂತ ಆರಂಗುಲ ಎತ್ತರವಲ್ಲ, ಮೂರಂಗುಲ ಕೆಳಗೆ.

ಶುಕ್ರವಾರ ಹೊಸ ನಕಾಶೆಯ ಜೊತೆ ಹಳೆಯದು ಯಾಕೆ ತಪ್ಪಾಯಿತೆಂದು ಬರೆದುಕೊಡಬೇಕಿತ್ತು. ಸಾಹೇಬರು ಬರೆದುಕೊಡುತ್ತಾರೆ, ಯಂತ್ರದ ಮೇಲೆ ಹಾಕುತ್ತಾರೆ ಎಂದು ನನಗೆ ಒಳಗೆ ಆಸೆ. ಅವರು ಹಾಳೆಯನ್ನು ನನ್ನ ಕಡೆ ಸರಿಸಿ ಪೆನ್ನು ಕೊಟ್ಟರು. ‘ನೆರಳಿಗಾಗಿ ಯಂತ್ರವನ್ನು ನಡುವೆ ನಿಲ್ಲಿಸಲಿಲ್ಲ. ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದೆ. ಅಧಿಕಾರಿ ಓದಿ, ನನ್ನನ್ನು ನೋಡಿ, ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು ಎಂದರು. ಹೊಸ ನಕಾಶೆಗೆ ಸಹಿ ಹಾಕಿದರು. ಅಷ್ಟು ಸುಲಭದ ಶಿಕ್ಷೆಗೆ ನಾನು ಇವತ್ತಿಗೂ ಋಣಿ.

ನೀರು ಬಿಡುವ ಹೊತ್ತಿಗೆ ಸಾಹೇಬರು ನಿವೃತ್ತರಾಗಿದ್ದರು. ಕಾಗದ ಬರೆದು ಕರೆದೆ. ಲಿಂಗಸುಗೂರಿನಿಂದ ಮೊದಲನೆಯ ಬಸ್ಸಿಗೇ ಬಂದರು. ಕೇರಿಯವರೆಲ್ಲ ಬದುವಿನ ಮೇಲೆ ನಿಂತಿದ್ದರು. ತೂಬು ತೆರೆದರು. ಹೊಲಗಾಲುವೆಯಲ್ಲಿ ಕಸಕಡ್ಡಿ, ನೊರೆ, ಇರುವೆಗಳನ್ನು ಮುಂದೆ ತಳ್ಳಿಕೊಂಡು ನೀರು ಬಂತು. ಹನುಮವ್ವನ ಹೊಲದ ಮೂಲೆಗೆ ಬಂದು ನಿಂತಿತು. ಒಣ ಎರೆಯ ಬಿರುಕುಗಳು ಅದನ್ನು ಕುಡಿಯುತ್ತಲೇ ಹೋದವು, ನೀರು ಮುಂದೆ ಬರಲೇ ಇಲ್ಲ. ಇನ್ನೊಂದು ಸಲ ತಪ್ಪಿದೆನೇ ಎಂದು ಸಾಹೇಬರ ಮುಖ ನೋಡಿದೆ. ಅವರು ನೀರನ್ನೇ ನೋಡುತ್ತಿದ್ದರು. ಬಿರುಕುಗಳು ತುಂಬಿದವು. ನೀರು ಒಂದು ಹೆಜ್ಜೆ ಸರಿಯಿತು, ಇನ್ನೊಂದು ಹೆಜ್ಜೆ, ಆಮೇಲೆ ತಡೆಯಿಲ್ಲದೆ ಹೊಲದ ತುಂಬ ಹರಡಿತು.

ಹನುಮವ್ವ ನನ್ನ ಹತ್ತಿರ ಬಂದು ಮೆಲ್ಲಗೆ, “ನಿಂದು ಎಷ್ಟು ತಪ್ಪಿತ್ತಪ್ಪಾ?” ಎಂದು ಕೇಳಿದಳು. ನಾನು ಕೈ ಅಗಲಿಸಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ತೋರಿಸಿದೆ. ಒಂದು ಗೇಣು. ಅವಳು ತನ್ನ ಗೇಣನ್ನೂ ಗಾಳಿಯಲ್ಲಿ ಹಿಡಿದು ನೋಡಿಕೊಂಡಳು. ಮಣ್ಣು ಹೊತ್ತು ಗಂಟುಗಟ್ಟಿದ ಬೆರಳುಗಳು ಅವು. ಆ ಗೇಣನ್ನು ಹಾಗೇ ಹಿಡಿದುಕೊಂಡು ಸಾಹೇಬರ ಮುಂದೆ ಹೋಗಿ ನಿಂತಳು.

“ಯಪ್ಪಾ, ಭೂಮಿ ಬಾಗಿ ಇಷ್ಟು ತಪ್ಪಿದ್ದು ನಿಮ್ಮ ಕಣ್ಣಿಗೆ ಹೆಂಗ ಕಂಡಿತ್ರಿ?”

ಸಾಹೇಬರು ಚಪ್ಪಲಿ ಬಿಟ್ಟು, ಬಗ್ಗದ ಕಾಲನ್ನೇ ಮೊದಲು ನೀರಿಗಿಟ್ಟರು.

“ಕಾಣಲಿಲ್ಲವ್ವಾ,” ಎಂದರು. “ಅದಕ್ಕ ನಡದೆ.”